ಸಂಪಾದಕರ ಉತ್ತರ: ಸೂಜಿ ಚುಚ್ಚಿದ್ದನ್ನು ಮುಚ್ಚಿಡುವ ಗತಿ ಯಾಕೆ ಬಂತು?

ಪೆರ್ಲದ ಅಮ್ಮನಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ನಿಮ್ಮ ಮಗಳು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕಳೆದ ತಿಂಗಳು ನೈಟ್ ಡ್ಯೂಟಿಯಲ್ಲಿ ರೋಗಿಗೆ ಬಳಸಿದ ಸೂಜಿ ಅವಳ ಬೆರಳಿಗೆ ಚುಚ್ಚಿತು. ಬೈಗುಳಕ್ಕೆ ಹೆದರಿ ಯಾರಿಗೂ ಹೇಳಲಿಲ್ಲ. ಈಗ ಮನೆಯಲ್ಲಿ ಅವಳ ತಟ್ಟೆ ಬೇರೆ, ಚಾಪೆ ಬೇರೆ, ನಿದ್ದೆಯಂತೂ ಇಲ್ಲ. ‘ಕೆಲಸ ಬಿಡಿಸಲೇ?’ ಎಂದು ಕೇಳಿದ್ದೀರಿ.

ಮೊದಲು ಅವಳನ್ನು ಜೊತೆಗೆ ಕೂರಿಸಿ ಊಟ ಮಾಡಿ. ಎಚ್‌ಐವಿಯಾಗಲಿ, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ, ಸಿ ಆಗಲಿ ಒಟ್ಟಿಗೆ ಉಂಡರೆ ಅಂಟುವುದಿಲ್ಲ. ಎಚ್‌ಐವಿ ಇದ್ದವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರದಲ್ಲಿ ಸುಮಾರು ಮೂವರಿಗೆ. ಹೆಪಟೈಟಿಸ್ ಬಿ ಭಯ ಅದಕ್ಕಿಂತ ಎಷ್ಟೋ ಜಾಸ್ತಿ, ಆದರೆ ಅದಕ್ಕೆ ಲಸಿಕೆ ಇದೆ. ಮೂರೂ ಡೋಸ್ ಆಗಿದೆಯಾ ಕೇಳಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕಿತ್ತು, ಆ ಹೊತ್ತು ದಾಟಿದೆ. ಪರೀಕ್ಷೆಗೆ ಮಾತ್ರ ತಡವಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಜ್ಯೋತಿಸ್ ಕೇಂದ್ರದಲ್ಲಿ (ಕೇರಳದಲ್ಲಿ ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರಕ್ಕೆ ಇದೇ ಹೆಸರು) ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಹೊರಗೆ ಹೋಗುವುದಿಲ್ಲ. ಸೂಜಿ ಚುಚ್ಚಿ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಲಿ. ಹೆಪಟೈಟಿಸ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ನನಗೆ ಸಿಟ್ಟು ಬಂದದ್ದು ಬೈಗುಳದ ವಿಷಯಕ್ಕೆ. ಹಿಂದೆ ಇನ್ನೊಬ್ಬ ಹುಡುಗಿ ಸೂಜಿ ಚುಚ್ಚಿಸಿಕೊಂಡಾಗ ವಾರ್ಡಿನಲ್ಲಿ ರೋಗಿಗಳ ಎದುರೇ ‘ಕಣ್ಣು ಎಲ್ಲಿತ್ತು?’ ಎಂದರಂತೆ. ಅದನ್ನು ನೋಡಿದವಳು ಹೋಗಿ ಹೇಳುತ್ತಾಳಾ? ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಅಂತ ಎಲ್ಲ ನರ್ಸ್‌ಗಳಿಗೂ ಗೊತ್ತು. ಸೂಜಿ ಹಾಕುವ ಬಿಳಿ ಡಬ್ಬಿ ವಾರ್ಡಿನ ಆ ತುದಿಯಲ್ಲಿದ್ದು, ಈ ತುದಿಯಲ್ಲಿ ರೋಗಿ ಕೂಗುತ್ತಿದ್ದರೆ ಅವಳೇನು ಮಾಡಬೇಕು? 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆ ಡಬ್ಬಿಯೂ, ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯೂ ಆಸ್ಪತ್ರೆಯ ಹೊಣೆ. ಉಪಕಾರವೇನಲ್ಲ.

2018ರಲ್ಲಿ ನಿಫಾ ವೈರಸ್ ಸೋಂಕಿನಿಂದ ತೀರಿಕೊಂಡ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿಯನ್ನು ನಾವೆಲ್ಲ ಕೊಂಡಾಡಿದೆವು. 2020ರಲ್ಲಿ ಕರ್ನಾಟಕ–ಕೇರಳದ ತಲಪಾಡಿ ಗಡಿ ಮುಚ್ಚಿ, ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕೋವಿಡ್ ಆಸ್ಪತ್ರೆಯಾದಾಗಲೂ ಅಷ್ಟೇ. ಕೊಂಡಾಡಲು ದುಡ್ಡು ಬೇಡ. ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಹಾಕಲು ಬೇಕು!

ಕೆಲಸ ಬಿಡುವುದು, ಇರುವುದು ಅವಳದೇ ತೀರ್ಮಾನ. ನಿದ್ದೆಗೆಟ್ಟ ತಲೆಯಲ್ಲಿ ಅದು ಬೇಡ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಉಚಿತ, ನಡುರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಪರೀಕ್ಷೆಗೆ ನೀವೂ ಜೊತೆಗೆ ಹೋಗಿ. ಸೂಜಿ ಚುಚ್ಚಿದ ದಿನ, ಹೊತ್ತು, ವಾರ್ಡು ಬರೆದು ಆಸ್ಪತ್ರೆಗೆ ಕೊಟ್ಟು, ಸ್ವೀಕರಿಸಿದ ಸಹಿ ಇರುವ ಒಂದು ಪ್ರತಿ ಇಟ್ಟುಕೊಳ್ಳಲಿ. ತಡವಾದರೂ ಪರವಾಗಿಲ್ಲ. ನಾಳೆ ಪರಿಹಾರ ಕೇಳುವ ಸಂದರ್ಭ ಬಂದರೆ ಕೈಯಲ್ಲಿ ಒಂದು ಕಾಗದ ಇರಬೇಕಲ್ವಾ?