ಪಡಿತರ ಚೀಟಿಯಲ್ಲಿ ಹೆಸರಿಲ್ಲದ ಮಗುವಿಗೆ ಆರೋಗ್ಯ ಕಾರ್ಡು ಸಿಗುವುದು ಹೇಗೆ?

ಪಡಿತರ ಚೀಟಿಯ ಆಧಾರದ ಮೇಲೆ ಕುಟುಂಬಗಳ ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಮಕ್ಕಳಿಗೆ ಸಂಬಂಧಿಸಿದವು. ಯೋಜನೆ ಇದೆಯೆಂಬುದು ಎಲ್ಲರಿಗೂ ಗೊತ್ತಿದೆ; ಮಗುವನ್ನು ಅದರೊಳಗೆ ಸೇರಿಸುವ ದಾರಿ ಯಾವುದೆಂಬುದೇ ಹೆಚ್ಚಿನವರ ಪ್ರಶ್ನೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಅಂಗನವಾಡಿಗೆ ಬಂದಿದ್ದ ವೈದ್ಯರ ತಂಡದವರು ಎದೆ ಪರೀಕ್ಷಿಸಿ, ಹೃದಯದಲ್ಲಿ ರಂಧ್ರವಿರಬಹುದೆಂದು ಚೀಟಿ ಬರೆದುಕೊಟ್ಟರು. ಆಸ್ಪತ್ರೆಯೊಂದಕ್ಕೆ ಹೋದರೆ, ನಮ್ಮ ಬಿಪಿಎಲ್ ಕಾರ್ಡಿನಲ್ಲಿ ಮಗುವಿನ ಹೆಸರಿಲ್ಲವೆಂದು ವಾಪಸು ಕಳಿಸಿದರು. ಮುಂದೇನು ಮಾಡಲಿ?
— ಅಜ್ಜಿಯೊಬ್ಬರು, ಶಿರಾ ತಾಲ್ಲೂಕು

ಉತ್ತರ: ಅಮ್ಮ, ತಂಡದವರು ಬರೆದುಕೊಟ್ಟ ಚೀಟಿಯನ್ನು ಜೋಪಾನವಾಗಿಡಿ. ಸದ್ಯಕ್ಕೆ ಪಡಿತರ ಚೀಟಿಗಿಂತ ಅದೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಂಗನವಾಡಿಗೆ ಬಂದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡದವರು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ಒಂದು ಸಲ ತಪಾಸಣೆ ಮಾಡಬೇಕು. ಹೃದಯದ ರಂಧ್ರ, ಸೀಳುತುಟಿ, ಸೊಟ್ಟಪಾದ, ಹುಟ್ಟುಕಿವುಡಿನಂತಹ ದೋಷ ಕಂಡುಬಂದ ಮಗುವಿಗೆ ಹದಿನೆಂಟು ವರ್ಷದವರೆಗೆ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಉಚಿತ ಚಿಕಿತ್ಸೆಗೆ ಇದರಲ್ಲಿ ಅವಕಾಶವಿದೆ. ಇದು ಬಡವರಿಗೆ ಮಾತ್ರ ಎಂದು ಗೆರೆ ಎಳೆದ ಕಾರ್ಯಕ್ರಮವಲ್ಲ. ಚೀಟಿಯನ್ನು ಹಿಡಿದು ಶಿರಾದ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ. ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ, ಡಿಇಐಸಿ ಎಂದು ಕರೆಯುವ ಮಕ್ಕಳ ವಿಭಾಗಕ್ಕೆ ಕಳಿಸಿಕೊಡುವಂತೆ ಕೇಳಿ. ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನ್, ಆಗುವ ಮೊದಲೇ ಮನೆಯವರು ಗಾಬರಿಯಾಗುವುದು ಬೇಡ: ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಹೃದ್ರೋಗ ತಜ್ಞರೇ ಹೇಳಬೇಕು.

ಇದರ ಜೊತೆಜೊತೆಗೇ ಮಗುವಿನ ಹೆಸರನ್ನು ಪಡಿತರ ಚೀಟಿಗೆ ಸೇರಿಸುವ ಕೆಲಸವೂ ನಡೆಯಲಿ. ಜನನ ಪ್ರಮಾಣಪತ್ರ ಮತ್ತು ಮಗುವಿನ ಆಧಾರ್ ಬೇಕಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಪಡೆಯದೆ, ತಂದೆ ಅಥವಾ ತಾಯಿಯ ಆಧಾರ್‌ಗೆ ಜೋಡಿಸಿ ಬಾಲ ಆಧಾರ್ ಕೊಡುತ್ತಾರೆ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳಚ್ಚು ಕೊಟ್ಟು ನವೀಕರಿಸಬೇಕು. ಅರ್ಜಿಯನ್ನು ಗ್ರಾಮ ಒನ್ ಕೇಂದ್ರದಲ್ಲಿ ಹಾಕಬಹುದು. ಆದರೆ ಆಹಾರ ಇಲಾಖೆಯ ತಂತ್ರಾಂಶದಲ್ಲಿ ಹೆಸರು ಸೇರ್ಪಡೆಗೆ ಎಲ್ಲ ಕಾಲದಲ್ಲೂ ಅವಕಾಶವಿರುವುದಿಲ್ಲ. "ಸೈಟ್ ಓಪನ್ ಇಲ್ಲ" ಎಂದು ಕೇಳಿ ಹಿಂದಿರುಗಿದವರು ಅದನ್ನು ಮರೆತುಬಿಡದೆ, ಮತ್ತೆ ಯಾವಾಗ ತೆರೆಯುತ್ತದೆಂದು ವಿಚಾರಿಸುತ್ತಲೇ ಇರಬೇಕು.

ಮೂರನೆಯ, ನಾಲ್ಕನೆಯ ಮಗುವನ್ನು ಕಾರ್ಡಿಗೆ ಸೇರಿಸದೆ ಬಿಟ್ಟ ಮನೆಗಳು ಹಳ್ಳಿಗಳಲ್ಲಿ ಈಗಲೂ ಇವೆ. 2008ರಲ್ಲಿ ಬಂದ ಹಳೆಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ (ಆರ್‌ಎಸ್‌ಬಿವೈ) ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ, ಅದೂ ಐವರಿಗೆ ಮಾತ್ರ ಎಂಬ ಮಿತಿಯಿತ್ತು. ಆ ಲೆಕ್ಕವೇ ಕೆಲವರ ತಲೆಯಲ್ಲಿ ಉಳಿದಿರಬಹುದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದ್ದು, ಸದಸ್ಯರ ಸಂಖ್ಯೆಗಾಗಲಿ ವಯಸ್ಸಿಗಾಗಲಿ ಮಿತಿಯಿಲ್ಲ. ಮೊದಲೇ ಇದ್ದ ಕಾಯಿಲೆಯೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತೆಯೂ ಇಲ್ಲ.

ಪ್ರಶ್ನೆ: ಮಕ್ಕಳ ಆರೋಗ್ಯ ವಿಮೆಗೆ ಕಂತು ಕಟ್ಟಬೇಕೆಂದು ಒಬ್ಬರು ನಮ್ಮ ಬೀದಿಯಲ್ಲಿ ಮನೆಮನೆಯಿಂದ ಹಣ ವಸೂಲಿ ಮಾಡಿದ್ದಾರೆ. ಇದು ನಿಜವೇ?
— ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ನಿಜವಲ್ಲ. ಜನರು ರೂಢಿಯಲ್ಲಿ ವಿಮೆ ಎಂದರೂ ಕರ್ನಾಟಕದಲ್ಲಿ ಈ ಯೋಜನೆಯನ್ನು ವಿಮಾ ಕಂಪನಿ ನಡೆಸುತ್ತಿಲ್ಲ. ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ಹಣ ಪಾವತಿಸುತ್ತದೆ; ಕುಟುಂಬ ಕಟ್ಟಬೇಕಾದ ಕಂತು ಎಂಬುದೇ ಇಲ್ಲ. ಹಣ ಪಡೆದವರ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ, ಪಂಚಾಯಿತಿಗೂ ತಿಳಿಸಿ. ಇನ್ನೊಂದು ಮಾತು: ಈ ಕಾರ್ಡು ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಮಗುವಿನ ನೆಗಡಿ, ಜ್ವರಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಸರಿ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಊರಿನ ಎಲ್ಲ ಮಕ್ಕಳಿಗೂ ಆರೋಗ್ಯ ಕಾರ್ಡು ಮಾಡಿಸಬೇಕೆಂಬ ಆಸೆಯಿದೆ. "ಅದು ಆರೋಗ್ಯ ಇಲಾಖೆಯ ಕೆಲಸ, ನಮ್ಮಲ್ಲಿ ದುಡ್ಡೂ ಇಲ್ಲ" ಎಂದು ಕಚೇರಿಯಲ್ಲಿ ಹೇಳುತ್ತಾರೆ. ನಾವು ಏನಾದರೂ ಮಾಡಲು ಸಾಧ್ಯವೇ?
— ಹಾವೇರಿ ಜಿಲ್ಲೆ

ಉತ್ತರ: ನಿಮ್ಮಿಂದಲೇ ಸಾಧ್ಯ. ಚಿಕಿತ್ಸೆಯ ಹಣವನ್ನು ಟ್ರಸ್ಟ್ ಕೊಡುತ್ತದೆ, ಕಾರ್ಡನ್ನು ಕಂಪ್ಯೂಟರ್ ಕೊಡುತ್ತದೆ. ಆದರೆ ಯಾವ ಮನೆಯ ಯಾವ ಮಗು ಪಟ್ಟಿಯ ಹೊರಗಿದೆ ಎಂಬುದು ಬೆಂಗಳೂರಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಅದನ್ನು ತಿಳಿಯಲು ಬೇಕಾದ ಎರಡು ಪುಸ್ತಕಗಳು ನಿಮ್ಮ ಊರಿನಲ್ಲೇ ಇವೆ: ಒಂದು ಅಂಗನವಾಡಿ ಕಾರ್ಯಕರ್ತೆಯ ಮನೆ ಸಮೀಕ್ಷೆಯ ಪುಸ್ತಕ, ಇನ್ನೊಂದು ನ್ಯಾಯಬೆಲೆ ಅಂಗಡಿಯ ಪಟ್ಟಿ. ಇವೆರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಅಧಿಕಾರ, ಸಲುಗೆ ಎರಡೂ ಇರುವುದು ಪಂಚಾಯಿತಿಗೆ ಮಾತ್ರ.

ಇಂಥದೊಂದು ಸಭೆಯಲ್ಲಿ ನಾನು ಕುಳಿತಿದ್ದೆ. ಕಾರ್ಯಕರ್ತೆ ಒಂದೊಂದೇ ಹೆಸರು ಓದುತ್ತಿದ್ದರು, ಅಂಗಡಿಯವರು ಪಟ್ಟಿಯ ಮೇಲೆ ಬೆರಳಾಡಿಸಿ ಹುಡುಕುತ್ತಿದ್ದರು. ಒಂದು ಹೆಣ್ಣುಮಗು ಅಂಗನವಾಡಿಯ ಪುಸ್ತಕದಲ್ಲಿ "ಚಿನ್ನು" ಆಗಿತ್ತು. ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರಲಿಲ್ಲ, "ಬೇಬಿ ಆಫ್" ಎಂದು ಬರೆದು ಮುಂದೆ ತಾಯಿಯ ಹೆಸರಿತ್ತು. ಪಡಿತರ ಚೀಟಿಯಲ್ಲಿ ಮಗುವೂ ಇರಲಿಲ್ಲ, ತಾಯಿಯೂ ಇರಲಿಲ್ಲ. ಮದುವೆಯಾಗಿ ಐದು ವರ್ಷವಾಗಿದ್ದರೂ ಆಕೆಯ ಹೆಸರು ಇನ್ನೂ ತವರುಮನೆಯ ಕಾರ್ಡಿನಲ್ಲೇ ಇತ್ತು! ತವರಿನವರು ಒಬ್ಬರ ಅಕ್ಕಿ ಕಡಿಮೆಯಾಗುತ್ತದೆಂದು ತೆಗೆಸಿರಲಿಲ್ಲ, ಗಂಡನ ಮನೆಯವರು ಆಮೇಲೆ ನೋಡೋಣವೆಂದು ಬಿಟ್ಟಿದ್ದರು. ಇಂತಹ ತೊಡಕನ್ನು ಯಾವ ಜಾಹೀರಾತು ಫಲಕವೂ ಬಿಡಿಸದು. ಎರಡು ಊರಿನ ಪಂಚಾಯಿತಿ ಸದಸ್ಯರು ಫೋನಿನಲ್ಲಿ ಮಾತಾಡಿಕೊಂಡರೆ ಬಿಡಿಸಬಹುದು. ಅಲ್ಲಿ ಹೆಸರು ತೆಗೆಸಿ, ಇಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಸೇರಿಸಬೇಕು. ಜನನ ಪ್ರಮಾಣಪತ್ರಕ್ಕೆ ಹೆಸರು ಬರೆಸಲು ನೋಂದಣಿಯಾದ ಒಂದು ವರ್ಷದವರೆಗೆ ಶುಲ್ಕವಿಲ್ಲ. ಆಮೇಲೆ ತಡವಾದ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಬರೆಸಬಹುದು. ಜನನ ನೋಂದಣಿಯನ್ನಂತೂ 21 ದಿನಗಳೊಳಗೆ ಮಾಡಿಸಬೇಕೆಂಬುದನ್ನು ತಾಯಿ ಕಾರ್ಡು ಪಡೆದ ಪ್ರತಿ ಗರ್ಭಿಣಿಯ ಮನೆಗೂ ಹೆರಿಗೆಗೆ ಮೊದಲೇ ಹೇಳಿರಬೇಕು.

ಹಣದ ಮಾತಿಗೆ ಬಂದರೆ, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಅದರ ಖರ್ಚು ಫಿನಾಯಿಲ್, ಬ್ಲೀಚಿಂಗ್ ಪುಡಿಗಳಲ್ಲೇ ಮುಗಿಯಬೇಕಿಲ್ಲ. ಹೆಸರು ಸೇರಿಸುವ ಶಿಬಿರದ ಸಣ್ಣಪುಟ್ಟ ಖರ್ಚಿನ ವಿಚಾರವನ್ನು ಸಮಿತಿಯ ಸಭೆಯಲ್ಲಿಟ್ಟು ನಿರ್ಣಯ ಮಾಡಿಸಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಚುಚ್ಚುಮದ್ದಿನ ದಿನ ತಾಯಂದಿರು ಹೇಗೂ ಸೇರುತ್ತಾರೆ. ಅದೇ ದಿನ ಗ್ರಾಮ ಒನ್‌ನವರನ್ನು ಲ್ಯಾಪ್‌ಟಾಪ್ ಸಮೇತ ಕರೆಸಿದರೆ, ಒಂದು ದಿನದ ಕೂಲಿ ಬಿಟ್ಟು ಬರುವ ಕಷ್ಟ ಅವರಿಗೆ ತಪ್ಪುತ್ತದೆ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ ಗುಳೆ ಹೋಗುವ ಮನೆಗಳಿದ್ದರೆ ಅವರು ಊರಲ್ಲಿರುವ ತಿಂಗಳನ್ನೇ ಆರಿಸಿಕೊಳ್ಳಿ.

ನವೆಂಬರ್ ಆಸುಪಾಸಿನಲ್ಲಿ ನಡೆಸುವ ಮಕ್ಕಳ ಗ್ರಾಮಸಭೆಯನ್ನೂ ಮರೆಯಬೇಡಿ. ಅದನ್ನು ಭಾಷಣ, ಬಿಸ್ಕತ್ತುಗಳಲ್ಲಿ ಮುಗಿಸುವ ಪಂಚಾಯಿತಿಗಳು ಇವೆ. "ನಿಮ್ಮಲ್ಲಿ ಯಾರ ತಮ್ಮ, ತಂಗಿಗೆ ಕಾರ್ಡು ಇಲ್ಲ?" ಎಂದು ಒಮ್ಮೆ ಕೇಳಿ ನೋಡಿ, ಸಮೀಕ್ಷೆಯಲ್ಲಿ ಬಿಟ್ಟುಹೋದ ಮನೆಗಳನ್ನು ಆ ಮಕ್ಕಳೇ ಹೇಳಿಬಿಡುತ್ತಾರೆ.

ಪ್ರಶ್ನೆ: ನಮ್ಮದು ಎಪಿಎಲ್ ಕಾರ್ಡು. ಸಣ್ಣ ಅಂಗಡಿಯ ಆದಾಯದಲ್ಲಿ ಮಗಳ ಶಸ್ತ್ರಚಿಕಿತ್ಸೆ ಮಾಡಿಸಲಾರೆ. ನಮಗೇನೂ ಸಿಗುವುದಿಲ್ಲವೇ?
— ಓದುಗರು, ಪುತ್ತೂರು

ಉತ್ತರ: ಪೂರ್ತಿ ಸಿಗದಿದ್ದರೂ ಸ್ವಲ್ಪ ಸಿಗುತ್ತದೆ. ಎಪಿಎಲ್ ಕುಟುಂಬಗಳಿಗೆ ಯೋಜನೆಯ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30ರಷ್ಟನ್ನು, ವರ್ಷಕ್ಕೆ ಒಟ್ಟು 1.5 ಲಕ್ಷ ರೂಪಾಯಿ ಮೀರದಂತೆ ಸರ್ಕಾರ ಭರಿಸುತ್ತದೆ. ಆಸ್ಪತ್ರೆಯ ಬಿಲ್ಲಿನ ಶೇ 30 ಎಂದು ತಪ್ಪು ತಿಳಿಯಬೇಡಿ, ಪ್ಯಾಕೇಜ್ ದರ ಅದಕ್ಕಿಂತ ಕಡಿಮೆ ಇರಬಹುದು. ನೀವು ಹಾಲು ಉತ್ಪಾದಕರ ಸಂಘ ಅಥವಾ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ, ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿಯ ಬಗ್ಗೆ ಸಂಘದ ಕಾರ್ಯದರ್ಶಿಯವರನ್ನು ಕೇಳಿ. 2018ರಲ್ಲಿ ವಿಲೀನವಾಗಿ ನಿಂತಿದ್ದ ಆ ಯೋಜನೆ ಮತ್ತೆ ಆರಂಭವಾಗಿದೆ. ದೋಷ ಹುಟ್ಟಿನಿಂದಲೇ ಬಂದದ್ದಾದರೆ ಶಿರಾದವರಿಗೆ ಹೇಳಿದ ದಾರಿಯನ್ನೇ ಮೊದಲು ನೋಡಿ.

ಪ್ರಶ್ನೆ: ಓದಲು ಹೋದ ಮಗ, ಸೊಸೆ ಅಮೆರಿಕದಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಹುಟ್ಟಿದವಳು. ಅವಳ ಆರೋಗ್ಯ ವಿಮೆಯ ಅರ್ಜಿ ತುಂಬಲು ಅಲ್ಲಿನ ಊರ ಗ್ರಂಥಾಲಯದಲ್ಲಿ ಸಹಾಯ ಮಾಡುತ್ತಾರಂತೆ. ನಂಬಬಹುದೇ?
— ಓದುಗರು, ದಾವಣಗೆರೆ

ಉತ್ತರ: ನಂಬಬಹುದು. ಬಡವರಿಗಿರುವ ಸರ್ಕಾರಿ ಆರೋಗ್ಯ ಯೋಜನೆ ಮೆಡಿಕೇಯ್ಡ್‌ನ ಆದಾಯ ಮಿತಿಯನ್ನು ಮೀರಿದ, ಆದರೆ ಖಾಸಗಿ ವಿಮೆ ಕೊಳ್ಳಲಾರದ ಕುಟುಂಬಗಳ ಮಕ್ಕಳಿಗಾಗಿ ಅಲ್ಲಿ 1997ರಿಂದ ಚಿಪ್ ಎಂಬ ಯೋಜನೆಯಿದೆ. ಅಲ್ಲಿಯೂ ತೊಡಕು ನಮ್ಮದೇ: ಅರ್ಹತೆಯಿದ್ದೂ ಅರ್ಜಿ ಹಾಕದ ಮಕ್ಕಳು ಬಹಳ. ಆದ್ದರಿಂದಲೇ ಶಾಲೆ, ಗ್ರಂಥಾಲಯಗಳ ಮೂಲಕ ಮನೆಯವರನ್ನು ಹುಡುಕಿ ಅರ್ಜಿ ತುಂಬಿಸುವ ಕೆಲಸಕ್ಕೆ ಅಲ್ಲಿನ ಹಲವು ನಗರಾಡಳಿತಗಳು ಕೈಹಾಕಿವೆ. ಮೊಮ್ಮಗಳು ಹುಟ್ಟಿನಿಂದಲೇ ಅಲ್ಲಿನ ಪ್ರಜೆಯಾದ್ದರಿಂದ ತಂದೆತಾಯಿಯ ವೀಸಾ ಅವಳಿಗೆ ಅಡ್ಡಿಯಾಗುವುದಿಲ್ಲ. ಆದಾಯದ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ.

ಪ್ರಶ್ನೆ: ನಮ್ಮ ಊರು ಯಾದಗಿರಿ ಜಿಲ್ಲೆ, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತೇನೆ. ರೇಷನ್ ಕಾರ್ಡು ಊರಿನದು. ಇಲ್ಲಿ ಮಗುವಿಗೆ ಕಾಯಿಲೆಯಾದರೆ ಕಾರ್ಡು ನಡೆಯುತ್ತದೆಯೇ?
— ಓದುಗರು

ಉತ್ತರ: ನಡೆಯುತ್ತದೆ. ವಿಳಾಸ ಬದಲಿಸುವ ಅಗತ್ಯವಿಲ್ಲ. ರಾಜ್ಯದ ಯಾವ ಜಿಲ್ಲೆಯ ಕಾರ್ಡಾದರೂ ಸರಿ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಯೋಜನೆಯಲ್ಲಿ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಬೇಕು. ರೆಫರಲ್ ಇಲ್ಲದೆ ದಾಖಲಾಗಿ ಆಮೇಲೆ ಕಾರ್ಡು ತೋರಿಸಿದರೆ ಪೇಚಾಟವಾಗುತ್ತದೆ. ಆಸ್ಪತ್ರೆಗೆ ಹೋದ ಕೂಡಲೇ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರ ಎಲ್ಲಿದ್ದಾರೆಂದು ಕೇಳಿ, ಕಾಗದಪತ್ರಗಳನ್ನು ಅವರಿಗೇ ತೋರಿಸಿ. ಅನುಮಾನವಿದ್ದರೆ 104ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಲ್ಲವಾದರೆ ಅದನ್ನೂ ಮಾಡಿಸಿಕೊಳ್ಳಿ. ಪಡಿತರ ಚೀಟಿ, ಆಧಾರ್, ಮಗುವಿನ ಜನನ ಪ್ರಮಾಣಪತ್ರ ಮೂರರ ಫೋಟೊ ನಿಮ್ಮ ಫೋನಿನಲ್ಲೂ ಹೆಂಡತಿಯ ಫೋನಿನಲ್ಲೂ ಇರಲಿ. ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ದಿನ ಹೆಚ್ಚಿಗೆ ಉಳಿದು, ಮಗುವಿನ ಹೆಸರು ಕಾರ್ಡಿನಲ್ಲಿ ಸೇರಿದೆಯೇ ಎಂದು ಗ್ರಾಮ ಒನ್‌ನಲ್ಲಿ ನೋಡಿಸಿಕೊಂಡು ಬನ್ನಿ.