ಬೊನಾರ್ ಚಿತ್ರದ ಬಿಸಿಲು ನಕಲಿನಲ್ಲಿ ಮಂಕಾಗುವುದೇಕೆ?

ಪ್ರಶ್ನೆ: ಫ್ರೆಂಚ್ ಚಿತ್ರಕಾರ ಪಿಯರ್ ಬೊನಾರ್ ಅವರ 'ವೆರ್ನೊನೆಯ ಟೆರೇಸ್' ಚಿತ್ರವನ್ನು ತೈಲವರ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಬಿಸಿಲಿಗೆ ಬಿಳಿ, ನೆರಳಿಗೆ ಕಪ್ಪು ಬೆರೆಸಿದೆ. ಚಿತ್ರವೆಲ್ಲ ಸುಣ್ಣ ಬಳಿದಂತಾಗಿದೆ. ತಪ್ಪೆಲ್ಲಿ?

ಉತ್ತರ: ಬಿಳಿ ಅತಿಯಾಗಿದೆ. ಕಪ್ಪು ಬೇಕಿರಲೇ ಇಲ್ಲ. ಬಿಳಿ ಬೆರೆಸಿದಷ್ಟೂ ಬಣ್ಣ ತಿಳಿಯಾಗುತ್ತದೆ ನಿಜ, ಅದರ ಜೊತೆಗೇ ಕಾವೂ ಇಳಿಯುತ್ತದೆ. ಹಳದಿಗೆ ಕಪ್ಪು ಸೇರಿದರಂತೂ ಪಾಚಿ ಬಣ್ಣ. ಬೊನಾರ್ ಅವರ ಬಿಸಿಲು ನಿಂತಿರುವುದು ನೆರಳಿನ ಬಣ್ಣದ ಮೇಲೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ 1939ರ ಈ ಚಿತ್ರದಲ್ಲಿ ಮರದ ಕಾಂಡವನ್ನು ಗಮನಿಸಿ: ಅದು ಕಂದಲ್ಲ, ನೇರಳೆ. ಸುತ್ತಲಿನ ಹಳದಿ, ಕಿತ್ತಳೆಗಳು ಉರಿಯುವಂತೆ ಕಾಣುವುದು ಆ ನೇರಳೆಯಿಂದಲೇ.

ನೆರಳಿಗೆ ಅಲ್ಟ್ರಾಮರೀನ್ ನೀಲಿ 2 ಪಾಲು, ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು) 1 ಪಾಲು ಕಲಸಿ, ಬೇಕಾದಷ್ಟು ತಿಳಿಯಾಗುವವರೆಗೆ ಸ್ವಲ್ಪ ಸ್ವಲ್ಪವೇ ಬಿಳಿ ಸೇರಿಸಿ. ಬಿಸಿಲಿಗೆ ಕ್ಯಾಡ್ಮಿಯಂ ಹಳದಿ 3 ಪಾಲು, ಬಿಳಿ 1 ಪಾಲು, ಬ್ರಷ್ಷಿನ ತುದಿಗೆ ಹತ್ತುವಷ್ಟು ಕಿತ್ತಳೆ ಸಾಕು. ಈ ಅಳತೆ ಆರಂಭಕ್ಕೆ ಮಾತ್ರ. ಕಂಪನಿಯಿಂದ ಕಂಪನಿಗೆ ಬಣ್ಣದ ಗಾಢತೆ ಬೇರೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಹಸಿ ನೇರಳೆಗೆ ಹಸಿ ಹಳದಿ ತಗುಲಿದರೆ ಎರಡೂ ಬೆರೆತು ಕೆಸರಾಗುತ್ತವೆ. ಕೆಳಪದರ ಬೆರಳಿಗೆ ಅಂಟದಷ್ಟು ಒಣಗಲಿ, ಅದಕ್ಕೆ ಕೆಲವು ದಿನಗಳೇ ಬೇಕು. ನಂತರ ಹಳದಿಯನ್ನು ಚಿಕ್ಕ ಚಿಕ್ಕ ಗೀರುಗಳಲ್ಲಿ ಇಡಿ, ನಡುನಡುವೆ ನೇರಳೆ ಇಣುಕಲಿ. ಬ್ರಷ್ಷನ್ನು ಪ್ರತಿ ಸಲವೂ ಒರೆಸಿಕೊಳ್ಳಿ. ಮೇಲಿನ ಪದರದಲ್ಲಿ ಎಣ್ಣೆ ಕೆಳಗಿನದಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಮುಂದೆ ಬಿರುಕು ಬಿಡುತ್ತದೆ.

ಈಗಾಗಲೇ ಬಳಿದಿರುವ ದಪ್ಪ ಬಿಳಿಯ ಮೇಲೆಯೇ ತಿದ್ದಲು ಹೋಗಬೇಡಿ. ಹಸಿಯಿದ್ದರೆ ಪ್ಯಾಲೆಟ್ ಚಾಕುವಿನಿಂದ ಕೆರೆದು, ಬಟ್ಟೆಯಿಂದ ಒರೆಸಿ ಮತ್ತೆ ಶುರುಮಾಡಿ.

ಪ್ರಶ್ನೆ: ಬೊನಾರ್ ತೋಟದಲ್ಲೇ ಕುಳಿತು ಬರೆಯುತ್ತಿದ್ದರೇ?

ಉತ್ತರ: ಇಲ್ಲ. ಫ್ರಾನ್ಸಿನ ವೆರ್ನೊನೆಯ ಮನೆಯನ್ನು ಅವರು ಕೊಂಡದ್ದು 1912ರಲ್ಲಿ. ಚಿತ್ರಕಾರ ಕ್ಲೋಡ್ ಮೊನೆ ಇದ್ದ ಜಿವೆರ್ನಿ ಊರು ಅಲ್ಲಿಗೆ ಹತ್ತಿರ, ಇಬ್ಬರಿಗೂ ಸ್ನೇಹವಿತ್ತು. ಕೆಲಸದ ರೀತಿ ಮಾತ್ರ ಬೇರೆ. ಮೊನೆ ಬಯಲಿಗೆ ಕ್ಯಾನ್ವಾಸ್ ಒಯ್ಯುತ್ತಿದ್ದರೆ, ಬೊನಾರ್ ಪುಟ್ಟ ಕಾಗದದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು, ಡೈರಿಯಲ್ಲಿ ಆ ದಿನದ ಹವೆಯನ್ನೂ ಗುರುತು ಹಾಕಿಕೊಂಡು, ಚಿತ್ರವನ್ನು ಒಳಗೆ ನೆನಪಿನಿಂದ ಬರೆಯುತ್ತಿದ್ದರು. ಕಣ್ಣೆದುರಿನ ವಸ್ತು ತಮ್ಮನ್ನು ಮೂಲ ಕಲ್ಪನೆಯಿಂದ ಆಚೆಗೆ ಎಳೆದುಬಿಡುತ್ತದೆ ಎಂಬುದು ಅವರ ಅಳುಕು. ಬಣ್ಣಗಳು ಅಷ್ಟು ಧೈರ್ಯವಾಗಿ ಬಂದದ್ದಕ್ಕೆ ಇದೇ ದೊಡ್ಡ ಕಾರಣ ಎನ್ನಬೇಕು.

ಪ್ರಶ್ನೆ: ಅಂಚಿನಲ್ಲಿ ವ್ಯಕ್ತಿಗಳು ಅರ್ಧಕ್ಕೆ ಕತ್ತರಿಸಿಹೋಗಿರುವುದು ಬೇಕೆಂದೇ?

ಉತ್ತರ: ಹೌದು. ಜಪಾನಿ ಮರದಚ್ಚಿನ ಚಿತ್ರಗಳ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ಜೊತೆಗೆ ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿಯದೆ ಗೋಡೆಗೆ ಮೊಳೆ ಹೊಡೆದು ಬರೆಯುತ್ತಿದ್ದುದರಿಂದ, ಎಲ್ಲಿಗೆ ಕತ್ತರಿಸಬೇಕೆಂಬುದನ್ನು ಕೊನೆಗೆ ನಿರ್ಧರಿಸಬಹುದಿತ್ತು. ನೀವೂ ಹಾಗೆ ಮಾಡುವುದಾದರೆ ಸುತ್ತ 5 ಸೆಂ.ಮೀ. ಬಟ್ಟೆ ಹೆಚ್ಚಿಗೆ ಬಿಡಿ. ಚೌಕಟ್ಟಿನ ಪಟ್ಟಿಗೆ ಮಡಚಿ ಹೊಡೆಯಲು ಅಷ್ಟಾದರೂ ಬೇಕು.