ಗೇರುಮರದ ಎರಡು ದುಂಬಿಗಳು: ಬದಿಯಡ್ಕದ ಪ್ರಶ್ನೆಗೆ ಪ್ರತಿಕ್ರಿಯೆ

ಬದಿಯಡ್ಕದ ತೋಟದ ಒಂದೇ ಗೇರುಮರದ ಬುಡದಲ್ಲಿ ಸಿಕ್ಕಿದ ಎರಡು ಕೆಂಗಂದು ದುಂಬಿಗಳಲ್ಲಿ ಒಂದರ ಮೀಸೆ ದೇಹಕ್ಕಿಂತ ಬಹಳ ಉದ್ದವಿರುವುದರಿಂದ ಅವು ಬೇರೆ ಬೇರೆ ಪ್ರಭೇದಗಳೇ ಎಂದು ತಾವು ಕೇಳಿದ್ದೀರಿ. ಮೀಸೆಯ ಉದ್ದವನ್ನು ಇಲ್ಲಿ ಆಧಾರವಾಗಿಸಬಾರದು. ಮರ ಕೊರೆಯುವ ಈ ಉದ್ದ ಮೀಸೆಯ ದುಂಬಿಗಳ ಕುಟುಂಬದಲ್ಲಿ (ಸೆರಾಂಬಿಸಿಡೆ) ಅದು ಸಾಮಾನ್ಯವಾಗಿ ಗಂಡು ಹೆಣ್ಣುಗಳ ವ್ಯತ್ಯಾಸ, ಗಂಡಿನದೇ ಉದ್ದ.

ಗೇರಿನ ಕಾಂಡ ಮತ್ತು ಬೇರು ಕೊರೆಯುವ ನಿಯೋಪ್ಲೊಸೀಡರಸ್ ಫೆರುಜಿನಿಯಸ್ ದುಂಬಿಯಲ್ಲಿ ತಲೆ ಮತ್ತು ಎದೆಭಾಗ ಕಪ್ಪಿಗೆ ಹತ್ತಿರದ ಗಾಢ ಕಂದಾಗಿದ್ದು, ಗಟ್ಟಿ ಮೇಲ್ರೆಕ್ಕೆಗಳು ಕೆಂಪುಮಿಶ್ರಿತ ಕಂದಾಗಿರುವುದರಿಂದ ಎರಡು ಬಣ್ಣಗಳ ಭೇದ ಎದ್ದು ಕಾಣುತ್ತದೆ. ಅದರ ಹತ್ತಿರದ ಸಂಬಂಧಿ ನಿಯೋಪ್ಲೊಸೀಡರಸ್ ಒಬೆಸಸ್‌ನ ಮೈಮೇಲೆ ನವಿರಾದ ಬೂದು ರೋಮಗಳ ಹೊದಿಕೆಯಿರುತ್ತದೆ. ಆದರೆ ಹಳೆಯ ದುಂಬಿಗಳಲ್ಲಿ ಈ ರೋಮ ಸವೆದು ಹೋಗುವುದರಿಂದ ಒಂದೇ ಫೋಟೋ ನೋಡಿ ತೀರ್ಮಾನಿಸುವುದು ನನಗೆ ಸರಿಯೆನಿಸುವುದಿಲ್ಲ. ಎದೆಯ ಮೇಲ್ಭಾಗವನ್ನು ಓರೆ ಬೆಳಕಿನಲ್ಲಿ, ಹತ್ತಿರದಿಂದ ತೆಗೆದ ಚಿತ್ರ ಬೇಕು.

ಮಾವು, ಹಲಸುಗಳನ್ನೂ ಕಾಡುವ ಬ್ಯಾಟೊಸೆರಾ ರೂಫೊಮ್ಯಾಕುಲೇಟಾ ಗೇರಿನಲ್ಲಿಯೂ ಸಿಗುತ್ತದೆಯಾದರೂ ಗೊಂದಲಕ್ಕೆ ಎಡೆಯಿಲ್ಲ: ಮೈ ಬೂದು, ಎದೆಯ ಮೇಲೆ ಎರಡು ಕಿತ್ತಳೆ ಮಚ್ಚೆ, ಮುಖ ನೇರವಾಗಿ ಕೆಳಕ್ಕಿಳಿದಿರುತ್ತದೆ.

ದುಂಬಿ ಹೊರಬಂದ ರಂಧ್ರದ ಒಳಗೆ ಸುಣ್ಣದಿಂದ ಕಟ್ಟಿದ, ಮೊಟ್ಟೆಯ ಚಿಪ್ಪಿನಂತೆ ಬಿಳಿಯಾದ ಗಟ್ಟಿ ಗೂಡು ಸಿಕ್ಕಿದರೆ ಅದು ನಿಯೋಪ್ಲೊಸೀಡರಸ್ ಕುಲದ್ದೆಂದು ಹೇಳಬಹುದು, ಪ್ರಭೇದವನ್ನಲ್ಲ. ತೋಟದ ಮಟ್ಟಿಗೆ ಇದು ದೊಡ್ಡ ತೊಡಕೂ ಅಲ್ಲ. ಯಾವ ಪ್ರಭೇದವಾದರೂ ಬುಡದ ತೊಗಟೆ ಕೆತ್ತಿ ಹುಳುಗಳನ್ನು ಬೇಗ ಹೊರತೆಗೆಯುವುದೇ ಮೊದಲ ಕೆಲಸ.